ವೈದ್ಯ, ರೋಗಿ ಮತ್ತು ದಾಖಲೆಯ ಯಂತ್ರ

ವೈದ್ಯರ ಕೈಬರಹವನ್ನು ಕುರಿತು ನಗೆಯಾಡದವರು ಯಾರು? ಆ ಚೀಟಿಯನ್ನು ಓದಬಲ್ಲವನು ಔಷಧದಂಗಡಿಯವನೊಬ್ಬನೇ ಎಂಬ ಮಾತನ್ನು ನೀವೂ ಕೇಳಿರಬಹುದು. ನಗೆ ಹಾಗಿರಲಿ, ತಪ್ಪಾಗಿ ಓದಿದ ಒಂದು ಅಂಕಿ ಪ್ರಾಣಕ್ಕೇ ಎರವಾದೀತು. ಆದ್ದರಿಂದಲೇ ಆಸ್ಪತ್ರೆಗೆ ಕಂಪ್ಯೂಟರು ಬಂದಾಗ ನಮ್ಮಂಥ ವೈದ್ಯರಲ್ಲಿ ಅನೇಕರು ಅದನ್ನು ಸಂತೋಷದಿಂದ ಬರಮಾಡಿಕೊಂಡರು. ಅದೇ ವೈದ್ಯರು ಇಂದು ಅದರಿಂದ ಬೇಸತ್ತಿರುವುದೇಕೆ? ಅಮೆರಿಕದ ಅನುಭವ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ.

ರೋಗಿಯ ದಾಖಲೆ ಇರುವುದು ಯಾರಿಗಾಗಿ? 1968ರಲ್ಲಿ ಲಾರೆನ್ಸ್ ವೀಡ್ ಎಂಬ ಅಮೆರಿಕದ ವೈದ್ಯರು ಈ ವಿಷಯವಾಗಿ ಪ್ರಸಿದ್ಧವಾದೊಂದು ಲೇಖನ ಬರೆದರು. ರೋಗಿಯ ತೊಂದರೆಗಳನ್ನು ಪಟ್ಟಿ ಮಾಡಿ, ಒಂದೊಂದರ ಕೆಳಗೂ ರೋಗಿ ಹೇಳಿದ್ದೇನು, ವೈದ್ಯ ಕಂಡದ್ದೇನು, ಅವನ ತೀರ್ಮಾನವೇನು, ಮುಂದೆ ಮಾಡಬೇಕಾದ್ದೇನು ಎಂದು ಬರೆಯುವುದು ಅವರ ಪದ್ಧತಿ. ಬರವಣಿಗೆ ವೈದ್ಯನ ಆಲೋಚನೆಗೆ ನೆರವಾಗಬೇಕೆಂಬುದೇ ಅದರ ಉದ್ದೇಶ.

2009ರಲ್ಲಿ ಅಮೆರಿಕದ ಸರ್ಕಾರ ಕಾನೂನು ಮಾಡಿ, ಕಂಪ್ಯೂಟರಿನಲ್ಲಿ ದಾಖಲೆ ಇಡುವ ಆಸ್ಪತ್ರೆಗಳಿಗೂ ವೈದ್ಯರಿಗೂ ಹಣದ ಪ್ರೋತ್ಸಾಹ ನೀಡಿತು. ಕಾಗದದ ಕಡತಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಆದರೆ ಹಳೆಯ ನಿಯಮಗಳು ಯಂತ್ರದೊಳಕ್ಕೂ ಹೊಕ್ಕವು. ವೈದ್ಯನಿಗೆ ಸಲ್ಲುವ ಹಣ, ಅವನು ಎಷ್ಟು ವಿಷಯ ವಿಚಾರಿಸಿದ, ಎಷ್ಟು ಅಂಗಗಳನ್ನು ಪರೀಕ್ಷಿಸಿದ ಎಂಬ ಎಣಿಕೆಯನ್ನೂ ಅವಲಂಬಿಸುವಂತೆ 1995 ಮತ್ತು 1997ರ ನಿಯಮಾವಳಿಗಳು ಏರ್ಪಡಿಸಿದ್ದವು. ಹೀಗಾಗಿ ವೈದ್ಯ ಚೌಕದ ಮೇಲೆ ಚೌಕಕ್ಕೆ ಗುರುತು ಹಾಕತೊಡಗಿದ. ನಿನ್ನೆಯ ಬರಹವನ್ನೇ ಇಂದಿನ ಪುಟಕ್ಕೆ ನಕಲು ಮಾಡತೊಡಗಿದ. ದಾಖಲೆ ಉದ್ದವಾಯಿತು, ಅದರಲ್ಲಿ ಬೇಕಾದ ಮಾತನ್ನು ಹುಡುಕುವುದು ಕಷ್ಟವಾಯಿತು. ಔಷಧ ಬರೆದೊಡನೆ ಯಂತ್ರ ಎಚ್ಚರಿಕೆ ಕೊಡುತ್ತದೆ, ಒಳ್ಳೆಯದೇ. ಆದರೆ ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಗಂಟೆ ಬಾರಿಸಿದರೆ, 'ತೋಳ ಬಂತು ತೋಳ' ಎಂದ ಹುಡುಗನ ಕತೆಯೇ ಆಗುತ್ತದೆ.

2016ರಲ್ಲಿ ಅಲ್ಲಿಯ ನಾಲ್ಕು ರಾಜ್ಯಗಳ 57 ವೈದ್ಯರ ದಿನಚರಿಯನ್ನು ಗಮನಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಅವರ ಕೆಲಸದ ವೇಳೆಯಲ್ಲಿ ರೋಗಿಯ ಎದುರು ಕಳೆದದ್ದು ನೂರಕ್ಕೆ 27 ಪಾಲು. ಕಂಪ್ಯೂಟರು ಮತ್ತು ಮೇಜಿನ ಕೆಲಸಕ್ಕೆ ಹೋದದ್ದು 49 ಪಾಲು. ಇಷ್ಟಾದ ಮೇಲೆ ರಾತ್ರಿ ಮನೆಯಲ್ಲಿ ಇನ್ನೂ ಒಂದೆರಡು ಗಂಟೆ!

ಇದರಿಂದ ನಷ್ಟ ಯಾರಿಗೆ? ರೋಗಿ ಕುರ್ಚಿಯಲ್ಲಿ ಕೂರುವ ಬಗೆ, ಮಾತಿನ ನಡುವೆ ಏರುವ ಉಸಿರು, 'ಇನ್ನೇನಿಲ್ಲ ಡಾಕ್ಟರೇ' ಎಂದು ಏಳುವಾಗ ಮುಖದಲ್ಲಿ ಸುಳಿಯುವ ಅಂಜಿಕೆ, ಇವುಗಳಿಗೆ ಯಾವ ಚೌಕವೂ ಇಲ್ಲ. ತೆರೆಯ ಮೇಲೆ ನೆಟ್ಟ ಕಣ್ಣಿಗೆ ಅವು ಕಾಣುವುದೂ ಇಲ್ಲ.

ಹಾಗೆಂದು ಯಂತ್ರವನ್ನು ದೂರಿ ಫಲವಿಲ್ಲ. ಮನುಷ್ಯ ಮಾಡಿದ ನಿಯಮವನ್ನು ಮನುಷ್ಯನೇ ತಿದ್ದಬಲ್ಲ. 2021ರ ಜನವರಿಯಿಂದ ಹೊರರೋಗಿಗಳ ಮಟ್ಟಿಗೆ ಆ ಎಣಿಕೆಯ ನಿಯಮವನ್ನು ಅಮೆರಿಕವೇ ಕೈಬಿಟ್ಟಿತು. ವೈದ್ಯನ ತೀರ್ಮಾನದ ತೊಡಕು ಅಥವಾ ಅವನು ವ್ಯಯಿಸಿದ ಕಾಲ, ಇವೇ ಅಳತೆಯಾದವು.

ಅದೇ 2021ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದಲ್ಲಿಯೂ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಮೊದಲಾಯಿತು. ಅದರಲ್ಲಿ ಆರೋಗ್ಯ ಖಾತೆಗೆ 14 ಅಂಕಿಗಳ ಸಂಖ್ಯೆ. ಹುಬ್ಬಳ್ಳಿಯಲ್ಲಿ ಮಾಡಿಸಿದ ರಕ್ತಪರೀಕ್ಷೆಯ ಫಲವನ್ನು ಬೆಂಗಳೂರಿನ ವೈದ್ಯರು ಕೂಡಲೇ ನೋಡುವಂತಾದರೆ ಅದಕ್ಕಿಂತ ಉಪಕಾರ ಬೇರೆ ಯಾವುದು? ಆದರೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಲು ಉದ್ದ, ಒಬ್ಬೊಬ್ಬರಿಗೆ ದೊರೆಯುವುದು ಕೆಲವೇ ನಿಮಿಷ. ಅದರಲ್ಲೊಂದು ನಿಮಿಷವನ್ನು ಯಂತ್ರ ನುಂಗಿದರೂ ಬಡರೋಗಿಗೆ ಅದು ದೊಡ್ಡ ಕೊರತೆಯೇ. ಹೊಸ ಚೌಕವೊಂದನ್ನು ಸೇರಿಸುವ ಮುನ್ನ, ಇದರಿಂದ ರೋಗಿಗೇನು ಪ್ರಯೋಜನ ಎಂದು ಕೇಳುವ ಪದ್ಧತಿಯನ್ನು ನಾವು ಈಗಲೇ ರೂಢಿಸಿಕೊಳ್ಳಬೇಕು.

ನಿಮ್ಮಿಂದಲೂ ಒಂದು ಉಪಕಾರವಾಗಬೇಕು. ವೈದ್ಯರು ತೆರೆಯತ್ತ ನೋಡುತ್ತಿದ್ದರೆ ಅಸಡ್ಡೆಯೆಂದು ಬಗೆಯಬೇಡಿ. ಅವರು ತಲೆಯೆತ್ತುವವರೆಗೆ ಕಾದು, ಮುಖ್ಯವಾದ ಮಾತನ್ನು ಆಗ ಹೇಳಿ. ಏನು ಬರೆದಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಅಲ್ಲಿರುವುದು ನಿಮ್ಮ ದೇಹದ ಚರಿತ್ರೆಯಲ್ಲವೆ?