ಮಂಗನ ಕಾಯಿಲೆ

ಮೂಡುಬಿದಿರೆಯಿಂದ ಮೂಡಲಿಗೆ ನಡೆದರೆ ಬೆಳ್ತಂಗಡಿ ತಾಲ್ಲೂಕಿನ ಕಾಡುಗಳು ತೊಡಗುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಗೆ ಬಂದ ಮಂಗನ ಕಾಯಿಲೆಯು 1980ರ ದಶಕದ ಆರಂಭದಲ್ಲಿ ಇಲ್ಲಿಯೂ ತಲೆದೋರಿ ಹಲವರ ಪ್ರಾಣವನ್ನು ಕೊಂಡಿತು. ಗೇರುತೋಪಿಗಾಗಿ ದಟ್ಟಡವಿಯನ್ನು ಕಡಿದುದು ಇದಕ್ಕೆ ಎಡೆಗೊಟ್ಟಿತೆಂದು ಸಂಶೋಧಕರು ಬಗೆದರು.

ಹೆಸರು ಮಂಗನದಾದರೂ ತಪ್ಪು ಮಂಗನದಲ್ಲ; ಅದೂ ನಮ್ಮಂತೆ ರೋಗಿಯೇ. ವಿಷಾಣುವನ್ನು ಹೊತ್ತು ಹರಡುವುದು ಉಣ್ಣಿ. ಮಂಗ ಸತ್ತಲ್ಲಿ ಉಣ್ಣಿಗಳು ನೆಲಕ್ಕಿಳಿದು, ಸೊಪ್ಪುಸೌದೆಗಳಿಗಾಗಿ ಹೋದ ಬಡವರನ್ನು ಕಚ್ಚುತ್ತವೆ. 3ರಿಂದ 8 ದಿನಗಳಲ್ಲಿ ಚಳಿಜ್ವರ, ತಲೆನೋವು, ಮೈಕೈನೋವು, ಕೆಲವರಿಗೆ ರಕ್ತಸ್ರಾವ. ನೂರಕ್ಕೆ 3ರಿಂದ 5 ಮಂದಿ ಉಳಿಯುವುದಿಲ್ಲ.

ಹಳೆಯ ಲಸಿಕೆಯು ಸಾಕಷ್ಟು ಫಲಕಾರಿಯಲ್ಲವೆಂದು ಈಚೆಗೆ ಅದನ್ನು ಕೈಬಿಡಲಾಗಿದೆ. ವಿಷಾಣುವನ್ನೇ ಅಳಿಸುವ ಮದ್ದಿಲ್ಲ. ಆದರೆ ಮೊದಲ ದಿನಗಳಲ್ಲಿಯೇ ರಕ್ತಪರೀಕ್ಷೆಯಿಂದ ರೋಗವನ್ನು ಗುರುತಿಸಬಹುದು. ಬೇಗನೆ ಆಸ್ಪತ್ರೆ ಸೇರಿ ಶುಶ್ರೂಷೆ ಪಡೆದವರು ಬಹುಮಟ್ಟಿಗೆ ಗುಣಹೊಂದುತ್ತಾರೆ.

ಸತ್ತ ಮಂಗವೇ ನಮಗೆ ಬರುವ ಮೊದಲ ಸುದ್ದಿ. ಕಂಡವರು ಅದನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡಿಗೆ ಹೋಗುವವರು ಉಣ್ಣಿಯನ್ನು ದೂರವಿಡುವ ತೈಲವನ್ನು ಬಳಿದುಕೊಳ್ಳಬೇಕು. ಪಟ್ಟಣದಲ್ಲಿ ಕುಳಿತು ಗೇರುಬೀಜ ಮೆಲ್ಲುವ ನಾವು ಇಷ್ಟನ್ನಾದರೂ ಮರೆಯದಿರೋಣ: ಈ ರೋಗವನ್ನು ತಡೆಯುವ ಕೆಲಸ ಕಾಡಿನ ಅಂಚಿನಲ್ಲಿಯೇ ಮೊದಲಾಗತಕ್ಕುದು.