ಕೇಳದೆ ತೆಗೆದ ಚಿತ್ರ



ಪರರ ಮನೆಯನ್ನು ಪ್ರವೇಶಿಸುವ ಮುನ್ನ ಸಲಾಮ್ ಹೇಳಿ ಅನುಮತಿ ಪಡೆಯಬೇಕೆಂದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ಆದೇಶಿಸುತ್ತದೆ. ಇತರರ ಗುಟ್ಟುಗಳನ್ನು ಕೆದಕುವುದನ್ನು ಅಲ್‌ಹುಜುರಾತ್ ಅಧ್ಯಾಯವು ನಿಷೇಧಿಸುತ್ತದೆ. ಹೊಸ್ತಿಲಲ್ಲಿ ಪಾಲಿಸಬೇಕಾದ ಈ ಶಿಷ್ಟಾಚಾರವು ಮೊಬೈಲಿಗೂ ಅನ್ವಯಿಸುವುದಿಲ್ಲವೇ?

ದೇಶದ ಕಾನೂನು ಕೂಡಾ ಈ ಹೊಸ್ತಿಲನ್ನು ಗುರುತಿಸಿದೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು 9 ಮಂದಿ ನ್ಯಾಯಮೂರ್ತಿಗಳ ಪೀಠವು, ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು.

ಆದರೆ 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’, 2022ರ ಜನವರಿಯಲ್ಲಿ ‘ಬುಲ್ಲಿ ಬಾಯಿ’ ಎಂಬ ಆ್ಯಪ್‌ಗಳು ಪತ್ರಕರ್ತೆಯರೂ ಸೇರಿದಂತೆ ಅನೇಕ ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಕದ್ದು ‘ಹರಾಜಿ’ಗಿಟ್ಟವು. ಬಂಧಿತರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನಿದ್ದ. ಗುರಿಯಾದ ಮಹಿಳೆಯರು ಅಡಗಿ ಕೂರಲಿಲ್ಲ. ಹಲವರು ಬಹಿರಂಗವಾಗಿ ಮಾತನಾಡಿದರು, ಪೊಲೀಸರಿಗೆ ದೂರು ನೀಡಿದರು.

ಇಂತಹ ಅನ್ಯಾಯವು ನಮ್ಮ ಮನೆಯ ಮಗಳ ಮೇಲೆ ನಡೆದರೆ ನಾವು ಮೊದಲು ಏನು ಹೇಳುತ್ತೇವೆ? ‘ಫೋಟೋ ಹಾಕಿದ್ದೇಕೆ?’ ಎಂದೇ? ಮನೆಗೆ ಕನ್ನ ಬಿದ್ದಾಗ, ಮನೆ ಕಟ್ಟಿದ್ದೇಕೆಂದು ಯಾರೂ ಯಜಮಾನನನ್ನು ಕೇಳುವುದಿಲ್ಲ. ಬೈಗುಳದ ಭಯದಿಂದ ಮಗಳು ಬಾಯಿ ಮುಚ್ಚಿದರೆ, ಬೆದರಿಸುವವನಿಗೆ ಆ ಮೌನವೇ ಬಂಡವಾಳ. ‘ನಿನ್ನೊಂದಿಗೆ ನಾವಿದ್ದೇವೆ’ ಎಂಬ ಮಾತು ಆಕೆಗೆ ಮೊದಲು ತಂದೆ ತಾಯಿಯಿಂದಲೇ ಸಿಗಬೇಕು.

ಇನ್ನು ನಮ್ಮ ಕೈಯಲ್ಲಿರುವ ಕ್ಯಾಮರಾದ ಬಗ್ಗೆಯೂ ಯೋಚಿಸೋಣ. ನಿಕಾಹ್‌ನ ಸಂಭ್ರಮದಲ್ಲಿ ಮಹಿಳೆಯರ ಕಡೆಯಿಂದ ತೆಗೆದ ವೀಡಿಯೋ, ಆಸ್ಪತ್ರೆಯ ಹಾಸಿಗೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ ವೃದ್ಧರ ಚಿತ್ರ, ರಂಝಾನಿನ ಕಿಟ್ ಪಡೆಯುತ್ತಾ ತಲೆ ತಗ್ಗಿಸಿ ನಿಂತ ವಿಧವೆಯ ಫೋಟೋ - ಇವುಗಳನ್ನು ನೂರಾರು ಮಂದಿಗೆ ಕಳುಹಿಸುವ ಮುನ್ನ ಅವರ ಒಪ್ಪಿಗೆ ಕೇಳಿದವರಾರು? ಒಮ್ಮೆ ರವಾನೆಯಾದ ಚಿತ್ರವು ಎಷ್ಟು ಮೊಬೈಲ್‌ಗಳಲ್ಲಿ ಉಳಿಯುತ್ತದೆಂದು ಕಳುಹಿಸಿದವರಿಗೂ ತಿಳಿಯದು.

ಬಂಧುಗಳೇ, ಸರಕಾರವು ನಮ್ಮ ಮೇಲೆ ಕಣ್ಣಿಡುವುದನ್ನು ನಾವು ಪ್ರಶ್ನಿಸಲೇಬೇಕು. ನಮ್ಮ ಚಿತ್ರಗಳನ್ನು ಕದ್ದವರಿಗೆ ಶಿಕ್ಷೆಯಾಗಲೆಂದು ಆಗ್ರಹಿಸಲೇಬೇಕು. ಆ ಆಗ್ರಹಕ್ಕೆ ಬಲ ಬರುವುದು, ಬಡ ವಿಧವೆಯ ಮುಂದೆಯೂ ಮೊಬೈಲ್ ತೆಗೆಯುವ ಮುನ್ನ ‘ಅನುಮತಿಯಿದೆಯೇ?’ ಎಂದು ನಾವು ಕೇಳಿದಾಗ. ಆಕೆ ಬೇಡವೆಂದರೆ ಕಿಟ್ ಕೊಟ್ಟು, ಮೊಬೈಲನ್ನು ಜೇಬಿಗಿಳಿಸಿ ಮರಳೋಣ.