ವೆಂಕಟಪ್ಪ ಚಿತ್ರಶಾಲೆ: ಒಂಟಿ ಕಲಾವಿದನ ಹೆಸರಿನಲ್ಲೊಂದು ಊರ ಜಗಲಿ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡಕ್ಕೆ ತಾಗಿಕೊಂಡಂತೆ ವೆಂಕಟಪ್ಪ ಚಿತ್ರಶಾಲೆ ಇದೆ. ಶಾಸನ, ಶಿಲ್ಪಗಳನ್ನು ನೋಡಿ ಇತ್ತ ಕಾಲಿಡುವ ಅನೇಕರಿಗೆ ಈ ವೆಂಕಟಪ್ಪ ಯಾರೆಂದೇ ತಿಳಿದಿರುವುದಿಲ್ಲ. ಆದ್ದರಿಂದ ಮೊದಲು ಅವರ ಮಾತು.

ಕೆ. ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದ ಮನೆತನದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್ ಅಲ್ಲಿ ಅವರ ಜೊತೆಗಾರರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಪುರಾಣಕಥೆಗಳ ಇಂಗ್ಲಿಷ್ ಪುಸ್ತಕ 1913ರಲ್ಲಿ ಹೊರಬಂದಾಗ ಅದರಲ್ಲಿ ಈ ಮೈಸೂರಿನ ತರುಣನ ಚಿತ್ರಗಳೂ ಇದ್ದವು. ಊರಿಗೆ ಮರಳಿದ ಮೇಲೆ ಊಟಿ, ಕೊಡೈಕನಾಲ್‌ಗಳ ಬೆಟ್ಟ, ಮಂಜು, ಮುಂಜಾವನ್ನು ಜಲವರ್ಣದಲ್ಲಿ ಹಿಡಿದರು. ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪ ಮಾಡಿದರು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಮದುವೆಯಾಗಲಿಲ್ಲ, ಜನರ ನಡುವೆ ಬೆರೆತದ್ದೂ ಕಡಿಮೆ. 1965ರಲ್ಲಿ ತೀರಿಕೊಂಡರು.

1970ರ ದಶಕದಲ್ಲಿ ತಲೆಯೆತ್ತಿದ ಈ ಸರ್ಕಾರಿ ಕಟ್ಟಡದಲ್ಲಿ ಅವರ ಕೃತಿಗಳಿಗೆ ಜಾಗ ದೊರೆಯಿತು. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ಚಿತ್ರಗಳೂ ಇಲ್ಲಿವೆ. ಆದರೆ ಚಿತ್ರಶಾಲೆಗೆ ಜೀವ ತುಂಬಿದ್ದು ಬಾಡಿಗೆಗೆ ಸಿಗುವ ಅದರ ಪ್ರದರ್ಶನಾಂಗಣಗಳು ಎಂದರೆ ತಪ್ಪಾಗದು. ಖಾಸಗಿ ಗ್ಯಾಲರಿಯವರು ಮಾರಾಟವಾಗಬಲ್ಲ ಚಿತ್ರವನ್ನು ಆರಿಸಿಕೊಳ್ಳುತ್ತಾರೆ, ಮಾರಿದ ಹಣದಲ್ಲಿ ಪಾಲನ್ನೂ ಹಿಡಿಯುತ್ತಾರೆ. ಅದು ಅವರ ವ್ಯಾಪಾರ, ದೂರಬೇಕಾಗಿಲ್ಲ. ಇಲ್ಲಿ ಹಾಗಲ್ಲ. ಅರ್ಜಿ ಹಾಕಿ, ಅಗ್ಗದ ಬಾಡಿಗೆ ಕಟ್ಟಿದರೆ, ಆಗಷ್ಟೇ ಕಲಾಶಾಲೆಯಿಂದ ಹೊರಬಿದ್ದ ಹುಡುಗ ಹುಡುಗಿಯರೂ ತಮ್ಮ ಚಿತ್ರಗಳನ್ನು ಗೋಡೆಗೆ ತೂಗುಹಾಕಬಹುದು. ನೋಡಲು ಬರುವವರೂ ಅಷ್ಟೆ: ಕೊಳ್ಳುವ ಶಕ್ತಿ ಇದ್ದವರೇ ಆಗಬೇಕೆಂದಿಲ್ಲ. ಕಬ್ಬನ್ ಪಾರ್ಕಿನಲ್ಲಿ ಅಡ್ಡಾಡಿ ದಣಿದವರು, ಮೇಷ್ಟರ ಹಿಂದೆ ಸಾಲಾಗಿ ಬಂದ ಶಾಲಾ ಮಕ್ಕಳು, ಯಾರೂ ಒಳಹೊಕ್ಕು ನೋಡಬಹುದು.

ಈ ಜಗಲಿ ಯಾರದೆಂಬ ಪ್ರಶ್ನೆ ಎದ್ದದ್ದು 2015ರಲ್ಲಿ. ಪ್ರವಾಸೋದ್ಯಮ ಇಲಾಖೆಯ ದತ್ತು ಯೋಜನೆಯಲ್ಲಿ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಸರ್ಕಾರ ಒಪ್ಪಂದ ಮಾಡಿಕೊಂಡಿತು. ಹಣ ಬರುತ್ತದೆ, ಹೊಸ ಕಟ್ಟಡ ಬರುತ್ತದೆ ಎಂಬುದು ಒಂದು ವಾದ. ಕಲಾವಿದರನ್ನು ಕೇಳದೆಯೇ ಸಾರ್ವಜನಿಕ ಸ್ವತ್ತನ್ನು ಕೊಡುವುದು ಹೇಗೆ, ನಾಳೆ ಎಳೆಯ ಕಲಾವಿದರಿಗೆ ಬಾಗಿಲು ತೆರೆದಿರುವುದೇ ಎಂಬುದು ಇನ್ನೊಂದು. 2016ರಲ್ಲಿ ಕಲಾವಿದರು ಒಗ್ಗೂಡಿ ಪ್ರತಿಭಟಿಸಿದರು. ಜನರೊಡನೆ ಬೆರೆಯದ ವೆಂಕಟಪ್ಪನವರ ಹೆಸರಿಗಾಗಿ ಇಷ್ಟು ಜನ ಸೇರಿದ್ದು ವಿಚಿತ್ರವೇ ಸರಿ! ಕೊನೆಗೆ ಸರ್ಕಾರ ಹಿಂದೆ ಸರಿಯಿತು. ಅದೇ ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಖಾಸಗಿಯವರ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ ಬೇರೆಯಾಗಿಯೇ ತೆರೆಯಿತು. ಅದಕ್ಕೂ ನೋಡುಗರಿದ್ದಾರೆ.

ಹೋರಾಟ ಗೆದ್ದ ಮಾತ್ರಕ್ಕೆ ಗೋಡೆಯ ತೇವ ಆರುವುದಿಲ್ಲ. ಚಿತ್ರಶಾಲೆಯ ನಿರ್ವಹಣೆ, ಬೆಳಕಿನ ವ್ಯವಸ್ಥೆಗಳ ಬಗ್ಗೆ ಕಲಾವಿದರೇ ಬಹಳ ವರ್ಷ ದೂರಿದ್ದರು. ಆ ದೂರು ಸುಳ್ಳಾಗಿರಲಿಲ್ಲ. ಜಲವರ್ಣ ಬಲು ನಾಜೂಕಿನದು. ಬೆಳಕು ಹೆಚ್ಚಾದರೆ ಬಣ್ಣ ಮಾಸುತ್ತದೆ, ತೇವ ತಗುಲಿದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ವೆಂಕಟಪ್ಪನವರ ಊಟಿಯ ಮಂಜು ಇರುವುದು ಅಂಥ ಕಾಗದದ ಮೇಲೆಯೇ.